ಆಲಮಟ್ಟಿಯ ದಂಡೆಯಲ್ಲಿ ಒಂದು ರಾತ್ರಿ ತಂಗಲು ಜಾಗ ಬೇಕು

ಆಲಮಟ್ಟಿಯ ಸಂಗೀತ ಕಾರಂಜಿ ನಿಂತದ್ದೇ ತಡ, ಜನ ವಾಹನಗಳತ್ತ ಧಾವಿಸುತ್ತಾರೆ. ಕ್ರೂಸರ್, ಟಂಟಂ, ಶಾಲಾ ಪ್ರವಾಸದ ಬಸ್ಸು, ಮಕ್ಕಳನ್ನು ನಡುವೆ ಕೂಡಿಸಿಕೊಂಡ ಬೈಕು, ಎಲ್ಲವೂ ಒಮ್ಮೆಲೇ ಹೊರಡುತ್ತವೆ. ಇಂಡಿ, ಚಡಚಣ, ಸಿಂದಗಿ ಕಡೆಯವರು ಮನೆ ಸೇರುವಷ್ಟರಲ್ಲಿ ನಡುರಾತ್ರಿ. ದಿನವಿಡೀ ಅವರು ಕಂಡದ್ದು ರಾಕ್ ಗಾರ್ಡನ್, ಲವ-ಕುಶ ಉದ್ಯಾನ, ಮೊಘಲ್ ಗಾರ್ಡನ್ ಮತ್ತು ಕಾರಂಜಿ. ಎರಡು ಜಿಲ್ಲೆಗಳ ನೆಲದ ಮೇಲೆ ಹರಡಿ ನಿಂತ 123 ಟಿಎಂಸಿ ಅಡಿ ನೀರನ್ನು ಕಂಡದ್ದು ಮಾತ್ರ ಅಣೆಕಟ್ಟೆಯ ಹತ್ತಿರ, ದೂರದಿಂದ, ಫೋಟೊ ತೆಗೆಯುವಷ್ಟು ಹೊತ್ತು.

ಆ ನೀರಿನ ಪಕ್ಕ ಒಂದು ರಾತ್ರಿ ಮಲಗಿ ಎದ್ದವರು ಈ ಸೀಮೆಯಲ್ಲಿ ಯಾರಿದ್ದಾರೆ? ಮೀನುಗಾರರು, ಕುರಿಗಾರರು, ಪಂಪ್‌ಸೆಟ್ ಕಾಯುವ ರೈತರು. ಜಲಾಶಯಕ್ಕಾಗಿ ಹೊಲ ಮನೆ ಬಿಟ್ಟುಕೊಟ್ಟವರ ಮಕ್ಕಳಿಗೂ ಆ ಅವಕಾಶವಿಲ್ಲ. ಸಾಮಾನ್ಯ ಕುಟುಂಬವೊಂದು ತನ್ನ ಬುತ್ತಿ ಕಟ್ಟಿಕೊಂಡು ಬಂದು, ಹಿನ್ನೀರಿನ ದಂಡೆಯಲ್ಲಿ ಡೇರೆ ಹಾಕಿಯೋ ಸಣ್ಣದೊಂದು ಮರದ ಕೋಣೆ ಹಿಡಿದೋ ಒಂದೆರಡು ರಾತ್ರಿ ಕಳೆಯುವಂತಾಗಬೇಕು. ಇದಕ್ಕೆ ರೆಸಾರ್ಟ್ ಬೇಕಿಲ್ಲ, ಐಷಾರಾಮಿ ಬೇಕಿಲ್ಲ. ಸಮತಟ್ಟಾದ ನೆಲ, ಕುಡಿಯುವ ನೀರು, ಶುಚಿಯಾದ ಶೌಚಾಲಯ, ರಾತ್ರಿ ಕಾವಲು, ಮೊದಲೇ ಹೆಸರು ಬರೆಸುವ ವ್ಯವಸ್ಥೆ, ಇಷ್ಟು ಸಾಕು. ಜಲಾಶಯ ನೋಡಿಕೊಳ್ಳುವ ಕೃಷ್ಣಾ ಭಾಗ್ಯ ಜಲ ನಿಗಮ ಮನಸ್ಸು ಮಾಡಿದರೆ ಒಂದೇ ಚಳಿಗಾಲದಲ್ಲಿ ಇದನ್ನು ಶುರು ಮಾಡಬಹುದು.

ಈ ಬೇಡಿಕೆಯ ಹಿಂದೆ ಒಂದು ಹಕ್ಕಿನ ಮಾತಿದೆ. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಇಟ್ಟರು. ತಿಂಗಳೊಪ್ಪತ್ತಿನಲ್ಲಿ ಅವರು ಪ್ರಧಾನಿಯಾದರು, ಜಲಾಶಯಕ್ಕೆ ಮುಂದೆ ಅವರದೇ ಹೆಸರು ಬಂತು. ಕೆಲಸ ಮಾತ್ರ ನಾಲ್ಕು ದಶಕ ಎಳೆಯಿತು. 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ ಒಪ್ಪಿದ್ದು 2000ದ ಏಪ್ರಿಲ್‌ನಲ್ಲಿ. ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅಣೆಕಟ್ಟೆಯನ್ನು ದೇಶಕ್ಕೆ ಅರ್ಪಿಸಿದ್ದು 2006ರ ಆಗಸ್ಟ್ 21ರಂದು. ಈ ನಡುವೆ ಬಾಗಲಕೋಟೆಯ ಹಳೆ ಊರಿನ ಭಾಗ, ಹಳೆ ಕೊಲ್ಹಾರ, ಇನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳ ಮನೆ, ಹೊಲ, ಗುಡಿ, ಗೋರಿಗಳು ನೀರಿನಡಿ ಹೋದವು. ಬೇಸಿಗೆಯಲ್ಲಿ ನೀರು ಸರಿದಾಗ ಅಲ್ಲಲ್ಲಿ ಗೋಡೆಯ ಸಾಲು, ಗುಡಿಯ ಕಲ್ಲು ಮೇಲೆ ಏಳುತ್ತವೆ. ಪುನರ್ವಸತಿ ಕೇಂದ್ರದಿಂದ ಬಂದ ಮುದುಕರು ಮೊಮ್ಮಕ್ಕಳಿಗೆ ಬೊಟ್ಟು ಮಾಡಿ ತೋರಿಸುವುದು ಆಗಲೇ.

ಇಂಥ ಜಾಗದಲ್ಲಿ ತಂಗುವ ಸೌಲಭ್ಯವೇ ಇಲ್ಲ ಎಂದಲ್ಲ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಕೃಷ್ಣ ಹೋಟೆಲ್ ಆಲಮಟ್ಟಿಯಲ್ಲಿದೆ. ಅಧಿಕಾರಿಗಳಿಗೆ, ಗಣ್ಯರಿಗೆ ಪ್ರವಾಸಿ ಮಂದಿರಗಳಿವೆ. ಆದರೆ ಹೋಟೆಲ್ ಕೋಣೆಯಲ್ಲಿ ಮಲಗುವುದಕ್ಕೂ ನೀರಿನ ದಂಡೆಯಲ್ಲಿ ಮಲಗುವುದಕ್ಕೂ ಬಹಳ ಅಂತರವಿದೆ. ನೀರು ಹೇಗೆ ಬಣ್ಣ ಬದಲಿಸುತ್ತದೆ, ಹಕ್ಕಿಗಳು ಯಾವ ಹೊತ್ತಿಗೆ ಏಳುತ್ತವೆ, ಮೀನುಗಾರನ ಬುಟ್ಟಿದೋಣಿ ಯಾವಾಗ ದಡ ಬಿಡುತ್ತದೆ ಎಂಬುದು ಕೋಣೆಯಲ್ಲಿ ಇದ್ದವರಿಗೆ ತಿಳಿಯುವುದಿಲ್ಲ.

ಕರ್ನಾಟಕಕ್ಕೆ ನೀರಿನ ದಂಡೆಯ ವಾಸ್ತವ್ಯ ಹೊಸದೂ ಅಲ್ಲ. ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ 1980ರಲ್ಲಿ ಹುಟ್ಟಿತು. ಕಬಿನಿಯ ಹಿನ್ನೀರಿನ ಪಕ್ಕ, ಹಿಂದೆ ಮೈಸೂರು ಅರಸರ ಬೇಟೆ ಬಂಗಲೆಯಿದ್ದ ಕಾರಾಪುರದಲ್ಲಿ ಅದರ ಹೆಸರಾಂತ ವಸತಿಯಿದೆ. ಭದ್ರಾ ಜಲಾಶಯದ ಲಕ್ಕವಳ್ಳಿಯಲ್ಲಿ ರೀವ ಹಕ್ಕಿಯ ಹೆಸರಿನ ಲಾಡ್ಜ್ ಇದೆ. ಬೀದರ್ ಬಳಿ ಕೆರೆಯ ಪಕ್ಕದಲ್ಲೊಂದಿದೆ. ಎಲ್ಲವೂ ಚೆನ್ನಾಗಿಯೇ ನಡೆಯುತ್ತಿವೆ, ಕಾಡು ಕಾಯುವ ಕೆಲಸಕ್ಕೂ ನೆರವಾಗಿವೆ. ಆದರೆ ಅಲ್ಲಿಯ ದರ ತಲೆಗೆ, ರಾತ್ರಿಗೆ ಸಾವಿರಾರು ರೂಪಾಯಿ. ಲಿಂಬೆ ಬೆಲೆ ಬಿದ್ದ ವರ್ಷ ಇಂಡಿಯ ರೈತ ಆ ಕಡೆ ತಿರುಗಿಯೂ ನೋಡಲಾರ. ಬೆಂಗಳೂರಿನ ಜೇಬಿಗೆ ತಕ್ಕಂತೆ ಕಟ್ಟಿದ ಮಾದರಿಯನ್ನು ಎತ್ತಿ ತಂದು ಆಲಮಟ್ಟಿಯಲ್ಲಿ ಇಟ್ಟರೆ, ಮುಳುಗಡೆಯಾದ ಊರಿನ ಹುಡುಗರು ಅಲ್ಲಿ ತಟ್ಟೆ ಎತ್ತುವ ಕೆಲಸಕ್ಕೆ ಸೇರುತ್ತಾರೆ, ಅತಿಥಿಗಳಾಗಿ ಎಂದೂ ಬರುವುದಿಲ್ಲ.

ವಿಜಯಪುರ ಜಿಲ್ಲೆಯ ಹಿಂದಿನ ದೊರೆಗಳು ನೀರಿನ ಪಕ್ಕದ ವಿಹಾರವನ್ನು ಚೆನ್ನಾಗಿ ಬಲ್ಲವರಾಗಿದ್ದರು. ವಿಜಯಪುರದಿಂದ ಸಿಂದಗಿ ರಸ್ತೆ ಹಿಡಿದರೆ ಸುಮಾರು 16 ಕಿಲೋಮೀಟರ್‌ಗೆ ಕುಮಟಗಿ ಸಿಗುತ್ತದೆ. ಬಸ್ಸಿನಲ್ಲಿ ಹೋಗುವವರಲ್ಲಿ ಹೆಚ್ಚಿನವರು ಆ ಕಡೆ ತಲೆ ಎತ್ತುವುದಿಲ್ಲ. ಕೆರೆಯ ಪಕ್ಕದಲ್ಲಿ ಆದಿಲ್‌ಶಾಹಿ ಕಾಲದ ಜಲಮಂಟಪಗಳಿವೆ. ಕೆರೆಯ ನೀರನ್ನು ಗೋಪುರಕ್ಕೆ ಏರಿಸಿ, ಅಲ್ಲಿಂದ ಕೊಳವೆಗಳಲ್ಲಿ ಇಳಿಸಿ, ಮಂಟಪದ ಒಳಗೆ ತುಂತುರು ಸುರಿಯುವಂತೆ ಮಾಡಿದ್ದರು. ಬಿಸಿಲು 40 ಡಿಗ್ರಿ ದಾಟುವ ನೆಲದಲ್ಲಿ ವಿದ್ಯುತ್ ಇಲ್ಲದೆ ತಂಪು ಮಾಡಿಕೊಂಡ ಬಗೆ ಇದು. ಗೋಡೆಯ ಮೇಲೆ ಪೋಲೊ ಆಡುವವರ, ಕುಸ್ತಿ ಹಿಡಿದವರ ಚಿತ್ರಗಳಿದ್ದವು. ಈಗ ಬಹಳಷ್ಟು ಮಾಸಿಹೋಗಿವೆ. ಸಿಂದಗಿಯ ಶಾಲೆಗಳು ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದೊಯ್ಯುವಾಗ ದಾರಿಯಲ್ಲಿ ಅರ್ಧ ಗಂಟೆ ಇಲ್ಲಿ ಇಳಿಸಿದರೆ, ಆ ತುಂತುರಿನ ಲೆಕ್ಕಾಚಾರ ಒಂದು ವಿಜ್ಞಾನದ ಪಾಠವೇ ಆದೀತು.

ಅರಸರ ಮಾತು ಅದಾಯಿತು. ಜನಸಾಮಾನ್ಯರಿಗೂ ಬಯಲಲ್ಲಿ ತಂಗುವುದು ಹೊಸದೇನಲ್ಲ. ಬನಶಂಕರಿ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ, ಗಾಡಿಯ ಕೆಳಗೇ ಹಾಸಿಕೊಂಡು ದಿನಗಟ್ಟಲೆ ಇದ್ದು ಬಂದ ಮನೆತನಗಳು ಈ ಭಾಗದಲ್ಲಿ ಎಷ್ಟೋ ಇವೆ. ಎಳ್ಳ ಅಮಾವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೊರಡುತ್ತದೆ. ಚರಗ ಚೆಲ್ಲಿ, ಬನ್ನಿಗಿಡದ ಬುಡದಲ್ಲಿ ಕೂತು, ಸಜ್ಜೆ ಕಡುಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಉಂಡು, ಹೊತ್ತು ಇಳಿದ ಮೇಲೆ ಮನೆಗೆ ಬರುತ್ತದೆ. ಸಂಕ್ರಮಣದಲ್ಲಿ ಕೃಷ್ಣೆಯ ದಂಡೆಯುದ್ದಕ್ಕೂ ಬುತ್ತಿಯ ಗಂಟು ಬಿಚ್ಚಿದ ಕುಟುಂಬಗಳು. ಕೂಡಲಸಂಗಮದಲ್ಲಿ, ಅಕ್ಕಪಕ್ಕದ ಘಟ್ಟಗಳಲ್ಲಿ, ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ನೀಲಾಂಬಿಕೆಯ ಐಕ್ಯ ಮಂಟಪದ ಹತ್ತಿರ ಆ ದಿನ ಕಾಲಿಡಲು ಜಾಗವಿರುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಇಂಡಿ ಲಿಂಬೆಯ ಉಪ್ಪಿನಕಾಯಿ, ದಾರಿಯಲ್ಲಿ ಕೊಂಡ ಕೊಲ್ಹಾರದ ಗಡಿಗೆ ಮೊಸರು. ಎರಡು ದಿನ ಒಲೆ ಹಚ್ಚದೆಯೂ ಹೊಟ್ಟೆ ತುಂಬಿಸುವ ಇಂಥ ಅಡುಗೆ ಮನೆಯಲ್ಲೇ ಇರುವಾಗ, ಡೇರೆ ವಾಸಕ್ಕೆ ಬೇಕಾದ ಅರ್ಧ ತಯಾರಿ ಮುಗಿದಂತೆಯೇ. ಇಲ್ಲದ್ದು ನೆಲ, ನಲ್ಲಿ, ಕಾವಲು.

ನದಿಗೆ ಅಣೆ ಕಟ್ಟುವ ಇಲಾಖೆಯೇ ಜನರಿಗೆ ಡೇರೆ ಹಾಕಲು ಜಾಗ ಕೊಡಬೇಕೆ ಎಂದು ಯಾರಾದರೂ ಕೇಳಬಹುದು. ಅಮೆರಿಕದಲ್ಲಿ ಅಣೆಕಟ್ಟೆಗಳನ್ನು ಕಟ್ಟುವ ಸೇನಾ ಎಂಜಿನಿಯರ್‌ಗಳ ದಳ 43 ರಾಜ್ಯಗಳಲ್ಲಿ 400ಕ್ಕೂ ಹೆಚ್ಚು ಸರೋವರ, ನದಿ ಯೋಜನೆಗಳ ದಂಡೆಯಲ್ಲಿ ಜನರ ವಿಹಾರದ ವ್ಯವಸ್ಥೆ ನೋಡಿಕೊಳ್ಳುತ್ತದೆ. ಆ ದೇಶದಲ್ಲಿ ಹೊರಾಂಗಣ ವಿಹಾರಕ್ಕೆ ಅವಕಾಶ ಕೊಡುವ ಅತಿದೊಡ್ಡ ಸಂಸ್ಥೆಗಳಲ್ಲಿ ಅದೂ ಒಂದು. ನೀರು ನಿಲ್ಲಿಸಿದವರೇ ದಂಡೆಯಲ್ಲಿ ಮೇಜು, ಒಲೆ, ಶೌಚಾಲಯ ಇಟ್ಟಿದ್ದಾರೆ.

ಅಲ್ಲಿಯ ರಾಜ್ಯ ಉದ್ಯಾನಗಳದ್ದು ಇನ್ನೂ ಹಳೆಯ ಪರಂಪರೆ. ಮಿಸಿಸಿಪ್ಪಿ ನದಿ ಹುಟ್ಟುವ ಇಟಾಸ್ಕ ಸರೋವರದ ಸುತ್ತ ಮಿನ್ನೆಸೋಟ ರಾಜ್ಯ 1891ರಲ್ಲೇ ಉದ್ಯಾನ ಮಾಡಿತು. ಆ ರಾಜ್ಯದ ಉದ್ಯಾನಗಳಲ್ಲಿ ಕ್ಯಾಂಪರ್ ಕ್ಯಾಬಿನ್ ಎಂಬ ಸಣ್ಣ ಮರದ ಕೋಣೆಗಳಿವೆ. ಒಳಗೆ ಒಂದರ ಮೇಲೊಂದು ಮಂಚ, ಒಂದು ಮೇಜು, ನಾಲ್ಕು ಗೋಡೆ, ಅಷ್ಟೇ. ನಲ್ಲಿ ಇಲ್ಲ, ಬಚ್ಚಲು ಇಲ್ಲ, ಅಡುಗೆ ಏನಿದ್ದರೂ ಹೊರಗೆ. ಶೌಚಾಲಯ ನಡೆದು ಹೋಗುವಷ್ಟು ದೂರದಲ್ಲಿ, ಎಲ್ಲರಿಗೂ ಒಂದೇ. ಬೇಕಾದವರು 120 ದಿನ ಮೊದಲೇ ಕಾಯ್ದಿರಿಸಬಹುದು. ರಾತ್ರಿ 10ರ ಮೇಲೆ ಸದ್ದು ಮಾಡುವಂತಿಲ್ಲ. ಆ ದೇಶಕ್ಕೆ ಹೋಗಿ ನೆಲೆಸಿದ ಕನ್ನಡ ಕುಟುಂಬಗಳೂ ಬೇಸಿಗೆ ಬಂದರೆ ಹೀಗೆ ಸರೋವರದ ದಂಡೆಗೆ ಹೊರಡುವುದು ರೂಢಿಯಾಗಿದೆ. ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಒಂದೇ ಅಳತೆಯ ಕೋಣೆ ಎಂಬುದು ಈ ವ್ಯವಸ್ಥೆಯ ಜೀವಾಳ. ಆಲಮಟ್ಟಿಗೆ ತರಬೇಕಾದದ್ದು ಇದೇ ಗುಣ.

ಆದರೆ ಅಮೆರಿಕದವರೆಗೆ ಹೋಗುವ ಅಗತ್ಯವೂ ಇಲ್ಲ. ಇಂಡಿ ತಾಲ್ಲೂಕಿನ ಗಡಿ ಮುಟ್ಟಿ ಹರಿಯುವ ಭೀಮೆಯ ಮೇಲ್ದಂಡೆಯಲ್ಲೇ ಪಾಠವಿದೆ. ಮಹಾರಾಷ್ಟ್ರ ಭೀಮೆಗೆ ಉಜನಿಯಲ್ಲಿ ಅಣೆ ಕಟ್ಟಿ 1980ರ ಹೊತ್ತಿಗೆ ಮುಗಿಸಿತು. ಹಿನ್ನೀರು ಪುಣೆ ಜಿಲ್ಲೆಯ ಭಿಗವಣದವರೆಗೆ ಚಾಚಿತು. ಹೊಲ ಕಳೆದುಕೊಂಡ ಹಳ್ಳಿಗಳ ಪಕ್ಕದಲ್ಲೇ ಚಳಿಗಾಲದ ತೆಳುನೀರಿಗೆ ರಾಜಹಂಸಗಳು ಹಿಂಡುಹಿಂಡಾಗಿ ಬರತೊಡಗಿದವು. ಕುಂಭಾರಗಾಂವ್ ಎಂಬ ಹಳ್ಳಿಯ ಮೀನುಗಾರರು ಮೊದಲು ಬೆರಳೆಣಿಕೆಯ ಪಕ್ಷಿಪ್ರಿಯರನ್ನು ತಮ್ಮ ದೋಣಿಯಲ್ಲಿ ಕೂಡಿಸಿಕೊಂಡು ಹೋಗುತ್ತಿದ್ದರು. ಬರುವವರು ಹೆಚ್ಚಾದಂತೆ ಮನೆಯ ಒಂದು ಕೋಣೆ ತೆರವು ಮಾಡಿ ಮಲಗಲು ಕೊಟ್ಟರು, ಹೆಣ್ಣುಮಕ್ಕಳು ಮೀನಿನೂಟ, ಭಾಕರಿ ಬಡಿಸಿದರು. ಈಗ ಅಲ್ಲಿಯ ಮೀನುಗಾರರು ನೂರಾರು ಹಕ್ಕಿಗಳ ಹೆಸರು ಬಲ್ಲ ಮಾರ್ಗದರ್ಶಕರು. ಹಕ್ಕಿ ಹಾರದಂತೆ ದೋಣಿಯನ್ನು ಎಲ್ಲಿ ನಿಲ್ಲಿಸಬೇಕು, ಎಂಜಿನ್ ಎಲ್ಲಿ ಆರಿಸಿ ಹುಟ್ಟು ಹಾಕಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಕ್ಕಿ ಹಾರಿಹೋದರೆ ಊಟದ ದಾರಿಯೂ ಹೋಗುತ್ತದೆಂದು ಅವರೇ ಬಲ್ಲರು.

ಅದೇ ರಾಜಹಂಸಗಳು ಆಲಮಟ್ಟಿಯ ಹಿನ್ನೀರಿಗೂ ಬರುತ್ತವೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳೂ ಬರುತ್ತವೆ. ಅಣೆಕಟ್ಟೆಯ ಹತ್ತಿರದ ಆಳ ನೀರು ಅವಕ್ಕೆ ಬೇಡ. ಬೀಳಗಿ, ಕೊಲ್ಹಾರ ಕಡೆಯ ಹಿನ್ನೀರು ಹಿಂದೆ ಸರಿದಂತೆ ತೆರೆದುಕೊಳ್ಳುವ ಕೆಸರಂಚು, ಮೊಣಕಾಲುದ್ದದ ನೀರು ಅವುಗಳ ತಾಣ. ಸೊಲ್ಲಾಪುರ ಹೆದ್ದಾರಿಯ ಕೊಲ್ಹಾರದ ಉದ್ದನೆಯ ಸೇತುವೆಯ ಮೇಲೆ ಹೋಗುವವರಿಗೆ ಒಮ್ಮೊಮ್ಮೆ ದೂರದಲ್ಲಿ ಬಿಳಿಗೆಂಪು ಗೆರೆಯಾಗಿ ಕಾಣುವುದು ಇವೇ. ಭಿಗವಣದಲ್ಲಿ ಆದದ್ದು ಕೊಲ್ಹಾರದಲ್ಲಿ, ನಿಡಗುಂದಿಯಲ್ಲಿ ಆಗದಿರಲು ಒಂದೇ ಕಾರಣ: ಇಲ್ಲಿಯ ಪ್ರವಾಸವನ್ನು ಉದ್ಯಾನದ ಗೇಟಿನೊಳಗೇ ಕಟ್ಟಿಹಾಕಲಾಗಿದೆ.

ಹಾಗಿದ್ದರೆ ಎಲ್ಲಿ, ಹೇಗೆ? ಯೋಜನೆ ಮಾಡುವವರು ಮೊದಲು ಒಂದು ಅಂಕಿ ಎದುರಿಗಿಟ್ಟುಕೊಳ್ಳಬೇಕು: 524.256 ಮೀಟರ್. ಕೃಷ್ಣಾ ನೀರು ಹಂಚಿಕೆಯ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರ ಡಿಸೆಂಬರ್ 30ರ ತೀರ್ಪಿನಲ್ಲಿ ಆಲಮಟ್ಟಿಯ ನೀರನ್ನು ಈ ಮಟ್ಟಕ್ಕೆ ಏರಿಸಲು ಕರ್ನಾಟಕಕ್ಕೆ ಅನುಮತಿ ಕೊಟ್ಟಿದೆ. ಈಗಿನ 519.60ಕ್ಕೂ ಅದಕ್ಕೂ ಇರುವ ಅಂತರ ಐದು ಮೀಟರ್‌ಗೂ ಕಡಿಮೆ. ಕೇಳಲು ಸಣ್ಣದು. ಆದರೆ ಎರೆ ಹೊಲದ ಚಪ್ಪಟೆ ಸೀಮೆಯಲ್ಲಿ ನೀರು ಒಂದು ಮೀಟರ್ ಏರಿದರೆ ದಂಡೆ ಎಷ್ಟೋ ದೂರ ಒಳಗೆ ಸರಿಯುತ್ತದೆ. ಇನ್ನೂ ಸಾವಿರಾರು ಎಕರೆ, ಇನ್ನೂ ಹಲವು ಹಳ್ಳಿಗಳು ಮುಳುಗಡೆಯ ಪಟ್ಟಿಯಲ್ಲಿ ಕಾಯುತ್ತಿವೆ.

ಆದ್ದರಿಂದ ಈಗಿನ ದಂಡೆಯಲ್ಲಿ ಕಾಂಕ್ರೀಟ್ ಸುರಿಯುವುದು ತಪ್ಪು. ಇಂದು ಕೋಟಿಗಟ್ಟಲೆ ಹಾಕಿ ಕಾಟೇಜು ಕಟ್ಟಿದರೆ ಗೇಟು ಎತ್ತರಿಸಿದ ದಿನ ಅದೂ ಮುಳುಗುತ್ತದೆ. ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಪರಿಹಾರಕ್ಕೆ ಕಾಯುತ್ತಿರುವ ರೈತನ ಹೊಲದ ಮಗ್ಗುಲಲ್ಲೇ ಸರ್ಕಾರ ವಿಹಾರದ ಕಟ್ಟಡ ಎಬ್ಬಿಸಿದರೆ ಅವನ ಮನಸ್ಸು ಏನಾದೀತು? ಬಿಚ್ಚಿ ಸಾಗಿಸಬಲ್ಲ ಕೋಣೆಗಳು, ಡೇರೆಯ ಕಟ್ಟೆಗಳು, ಟ್ರ್ಯಾಕ್ಟರ್‌ನಲ್ಲಿ ಎಳೆದೊಯ್ಯಬಹುದಾದ ಶೌಚಾಲಯಗಳು, ಇವೇ ಈ ಜಲಾಶಯಕ್ಕೆ ಹೊಂದುವ ವಸತಿ. ನೀರು ಏರಿದಾಗ ಇವು ಹಿಂದೆ ಸರಿಯಬೇಕು, ಇಳಿದಾಗ ಮುಂದೆ ಬರಬೇಕು. ಕುರಿಗಾರರು ತಲೆಮಾರುಗಳಿಂದ ಹಟ್ಟಿ ಹಾಕುತ್ತ, ಕೀಳುತ್ತ ಬಂದದ್ದು ಹೀಗೆಯೇ.

ನೆಲ ಆರಿಸುವುದರಲ್ಲೂ ಊರವರ ಬುದ್ಧಿ ಕೇಳಬೇಕು. ದಂಡೆಯ ಎರೆ ಮಣ್ಣು ನೋಡಲು ಚೆಂದ, ಮಲಗಲು ಕಷ್ಟ. ಹಸಿಯಿದ್ದಾಗ ಕಾಲಿಗೆ ಹೆಂಟೆ ಹೆಂಟೆಯಾಗಿ ಅಂಟುತ್ತದೆ, ಡೇರೆಯ ಗೂಟ ಕೈಯಿಂದ ಎಳೆದರೆ ಕಿತ್ತು ಬರುತ್ತದೆ. ಒಣಗಿದ ಮೇಲೆ ಅಂಗೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಗೂಟ ಹೊಡೆದರೆ ಹೆಂಟೆಯೇ ಒಡೆಯುತ್ತದೆ, ಬಿರುಕಿನಲ್ಲಿ ಚೇಳು, ಹಾವು ಸೇರಿಕೊಳ್ಳುತ್ತವೆ. ತಂಗುವುದಾದರೆ ಮಡ್ಡಿಯ ಮೇಲೆ, ಗರಸು ನೆಲದಲ್ಲಿ. ಗೂಟ ಹಿಡಿಯುತ್ತದೆ, ಮಳೆನೀರು ನಿಲ್ಲುವುದಿಲ್ಲ, ಜಲಾಶಯವೂ ಎತ್ತರದಿಂದ ಪೂರ್ತಿ ಕಾಣುತ್ತದೆ. ನಿಗಮದ ಎಂಜಿನಿಯರ್ ನಕ್ಷೆ ಬರೆಯುವ ಮೊದಲು ಮಡ್ಡಿ ಯಾವುದು, ಎರೆ ಯಾವುದು ಎಂದು ಆ ನೆಲ ಉತ್ತವರನ್ನು ಜೊತೆಗೆ ಕರೆದುಕೊಂಡು ನಡೆಯಲಿ.

ಹೋಗುವವರು ಋತುವನ್ನೂ ನೋಡಬೇಕು. ಜುಲೈ, ಆಗಸ್ಟ್‌ನಲ್ಲಿ ಪಶ್ಚಿಮ ಘಟ್ಟದ ಮಳೆಗೆ ಕೃಷ್ಣೆ ತುಂಬುತ್ತದೆ, ಗೇಟುಗಳಿಂದ ನೀರು ಧುಮ್ಮಿಕ್ಕುವುದನ್ನು ನೋಡಲು ಜನ ಸೇರುತ್ತಾರೆ. ನೋಡಿ ಬರಲು ಅದು ಒಳ್ಳೆಯ ಕಾಲ, ತಂಗಲು ಅಲ್ಲ. ಗಾಳಿ ಜೋರು, ನೆಲ ಕೆಸರು. ಅಣೆಕಟ್ಟೆಯ ಕೆಳಗೆ ನಾರಾಯಣಪುರದ ಬಸವಸಾಗರದವರೆಗಿನ ನದಿಪಾತ್ರದಲ್ಲಂತೂ ಮಳೆಗಾಲದ ರಾತ್ರಿ ಯಾರೂ ಇರಬಾರದು. 26 ಗೇಟುಗಳಲ್ಲಿ ಎಷ್ಟು ಯಾವಾಗ ತೆರೆಯುತ್ತಾರೆ ಎಂಬುದು ಮಹಾರಾಷ್ಟ್ರದಲ್ಲಿ ಬಿದ್ದ ಮಳೆಯ ಮೇಲೆ ನಿಂತಿದೆ. ನವೆಂಬರ್‌ನಿಂದ ಫೆಬ್ರುವರಿ ಸರಿಯಾದ ಕಾಲ. ನೀರು ಇನ್ನೂ ಸಾಕಷ್ಟು ಇರುತ್ತದೆ, ವಲಸೆ ಹಕ್ಕಿಗಳು ಬಂದಿರುತ್ತವೆ, ಎಳ್ಳ ಅಮಾವಾಸ್ಯೆ, ಸಂಕ್ರಮಣ ಎರಡೂ ಈ ನಡುವೆಯೇ ಬರುತ್ತವೆ. ಆದರೆ ಚಳಿಯನ್ನು ಹಗುರಾಗಿ ತೆಗೆದುಕೊಳ್ಳಬಾರದು. ವಿಜಯಪುರದಲ್ಲಿ ಡಿಸೆಂಬರ್‌ನ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ತೆರೆದ ನೀರಿನ ಮೇಲಿಂದ ಬೀಸುವ ಗಾಳಿಗೆ ಅದು ಇನ್ನೂ ಕೊರೆಯುತ್ತದೆ. ಮನೆಯ ಕೌದಿ, ಕಂಬಳಿ ಎರಡೂ ಬೇಕು. ಮಾರ್ಚ್ ಕಳೆದ ಮೇಲೆ ನೀರು ದೂರ ಸರಿಯುತ್ತದೆ, ಡೇರೆಯೊಳಗೆ ಹಗಲು ಕೂರಲಾಗುವುದಿಲ್ಲ.

ಪತ್ರಿಕೆಗಳಲ್ಲಿ ಅಚ್ಚಾಗುವ ಜಲಾಶಯದ ಮಟ್ಟ ರೈತರಿಗಷ್ಟೇ ಅಲ್ಲ, ಇಂಥ ಪ್ರವಾಸ ಹೊರಡುವವರಿಗೂ ಉಪಯೋಗದ್ದು. 519ರ ಆಸುಪಾಸು ಇದ್ದರೆ ನೀರು ದಂಡೆ ಮುಟ್ಟಿದೆ. ಕೆಳಗೆ ಇಳಿಯುತ್ತಿದ್ದರೆ ಕೆಸರಂಚು ತೆರೆದುಕೊಳ್ಳುತ್ತಿದೆ, ಹಕ್ಕಿ ನೋಡಲು ಕೊಲ್ಹಾರದ ಕಡೆ ಹೋಗಬಹುದು.

ಇನ್ನೊಂದು ಎಚ್ಚರಿಕೆ ಮೊಸಳೆಯದು. ಕೃಷ್ಣೆಯಲ್ಲಿ ಮೊಸಳೆಗಳಿವೆ, ದಂಡೆಯ ಹಳ್ಳಿಗಳವರಿಗೆ ಇದು ಗೊತ್ತೇ ಇದೆ. ಹೊರಗಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. ಮುಸ್ಸಂಜೆ ನೀರಿಗೆ ಇಳಿಯುವುದು, ದಡದಲ್ಲಿ ಮೀನು ತೊಳೆಯುವುದು, ಮಕ್ಕಳನ್ನು ನೀರಂಚಿನಲ್ಲಿ ಆಡಲು ಬಿಡುವುದು ಕೂಡದು. ತಂಗುದಾಣ ನೀರಂಚಿನಿಂದ ಸಾಕಷ್ಟು ಹಿಂದೆ ಇರಬೇಕು, ಬೇಲಿ ಇರಬೇಕು, ಈಜು ಇರಬಾರದು. ಊರಿನ ಮೀನುಗಾರರು ಕಾವಲಿಗೆ ನಿಂತರೆ ಈ ನಿಯಮಗಳಿಗೆ ಬೆಲೆ ಬರುತ್ತದೆ, ಫಲಕ ನೆಟ್ಟರೆ ಯಾರೂ ಓದುವುದಿಲ್ಲ.

ಬೆಂಕಿಯ ವಿಚಾರ. ಅರಣ್ಯ ಅತಿ ಕಡಿಮೆಯಿರುವ ಈ ಜಿಲ್ಲೆಯಲ್ಲಿ ಡೇರೆ ಹಾಕಿದವರು ಜಾಲಿಯ ಟೊಂಗೆ ಮುರಿಯತೊಡಗಿದರೆ ನೆರಳೇ ಉಳಿಯುವುದಿಲ್ಲ. ಚಳಿಗಾಲದಲ್ಲಿ ತೊಗರಿ ರಾಶಿ ಮುಗಿದು ಹೊಲ ಹೊಲದಲ್ಲೂ ತೊಗರಿ ಕಟ್ಟಿಗೆ ಬಿದ್ದಿರುತ್ತದೆ. ಪುನರ್ವಸತಿ ಕೇಂದ್ರದ ಸ್ವಸಹಾಯ ಸಂಘದವರು ಅದನ್ನು ಸಿವುಡು ಕಟ್ಟಿ ತಂಗುದಾಣದಲ್ಲಿ ಮಾರಿದರೆ ಸಾಕು. ಮಂಡಕ್ಕಿ, ಮಿರ್ಚಿ, ರೊಟ್ಟಿ ಮಾರುವ ಹಕ್ಕೂ ಅವರಿಗೇ ಸಿಗಬೇಕು. ಟೆಂಡರ್ ಕರೆದು ದೂರದ ಗುತ್ತಿಗೆದಾರನಿಗೆ ಎಲ್ಲವನ್ನೂ ಒಪ್ಪಿಸಿದರೆ ಭಿಗವಣದ ಪಾಠ ಕಲಿತಂತಾಗುವುದಿಲ್ಲ.

ಹಕ್ಕಿಗಳ ಮಾತಿಗೆ ಮತ್ತೆ ಬರಲೇಬೇಕು, ಏಕೆಂದರೆ ಇಲ್ಲಿ ಕಾನೂನಿನಲ್ಲೊಂದು ದೊಡ್ಡ ಕಂಡಿಯಿದೆ. ಗದಗ ಜಿಲ್ಲೆಯ ಮಾಗಡಿ ಕೆರೆ ಆಲಮಟ್ಟಿಯ ಎದುರು ತೀರ ಸಣ್ಣದು. ಆದರೂ ಹೆಬ್ಬಾತುಗಳ ಕಾರಣದಿಂದ ಅದು ಸಂರಕ್ಷಣಾ ಮೀಸಲು ಆಯಿತು, 2024ರ ಜನವರಿ ಕೊನೆಗೆ ಅಂಕಸಮುದ್ರ, ಅಘನಾಶಿನಿಯ ಜೊತೆ ರಾಮ್ಸಾರ್ ಪಟ್ಟಿ ಸೇರಿದ ಸುದ್ದಿ ಬಂತು. ಆಲಮಟ್ಟಿಗೆ ಅಂಥ ಯಾವ ರಕ್ಷೆಯೂ ಇಲ್ಲ. ಕೇಂದ್ರದ 2017ರ ಜೌಗುಪ್ರದೇಶ ನಿಯಮಗಳು ನೀರಾವರಿಗೆಂದು ಕಟ್ಟಿದ ಜಲಾಶಯಗಳನ್ನು ತಮ್ಮ ವ್ಯಾಪ್ತಿಯಿಂದಲೇ ಹೊರಗಿಟ್ಟಿವೆ. ಹಾಗಾಗಿ ನಾಳೆ ಯಾರೋ ಹಿನ್ನೀರಿನಲ್ಲಿ ಜೆಟ್‌ಸ್ಕಿ ಓಡಿಸಿದರೆ, ದಂಡೆಯಲ್ಲಿ ಡಿಜೆ ಹಚ್ಚಿ ಪಟಾಕಿ ಹಾರಿಸಿದರೆ ಆ ನಿಯಮಗಳು ನೆರವಿಗೆ ಬರುವುದಿಲ್ಲ. ತಂಗುದಾಣದ ಜೊತೆಗೇ ನಿಗಮ, ಅರಣ್ಯ ಇಲಾಖೆ ಸೇರಿ ತಮ್ಮದೇ ಕಟ್ಟಳೆ ಮಾಡಬೇಕು: ಹಕ್ಕಿ ಇಳಿಯುವ ಕೆಸರಂಚಿನ ಹತ್ತಿರ ಡೇರೆ ಇಲ್ಲ, ಎಂಜಿನ್ ದೋಣಿ ಇಲ್ಲ, ರಾತ್ರಿ 10ರ ಮೇಲೆ ಧ್ವನಿವರ್ಧಕ ಇಲ್ಲ, ನೀರಿನ ಕಡೆಗೆ ಪ್ರಖರ ದೀಪ ಇಲ್ಲ. ನೀರು ಸರಿದ ನೆಲದಲ್ಲಿ ಬಿತ್ತಿ ಬೆಳೆಯುವ ರೈತರೂ ಇದ್ದಾರೆ. ಅವರ ಪೈರು ತುಳಿದು ಫೋಟೊ ತೆಗೆಯುವುದೂ ಕಟ್ಟಳೆಯ ಒಳಗೇ ಬರಬೇಕು.

ಸದ್ದಿಲ್ಲದ ಸಂಜೆ ಎಂದರೆ ಬೇಸರದ ಸಂಜೆಯಲ್ಲ. ಲಾವಣಿಕಾರ ಖಾಜಾಭಾಯಿಯ ಹಾಡುಗಳು ಹುಟ್ಟಿದ್ದು ಇದೇ ಜಿಲ್ಲೆಯ ಹಲಸಂಗಿಯಲ್ಲಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಈ ಗೆಳೆಯರ ಬಳಗ ಬೀಸುಕಲ್ಲಿನ ಮುಂದೆ, ಹೊಲದ ಬದುವಿನ ಮೇಲೆ ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದಿತು. ಆ ಹಾಡುಗಳು ಈಗ ಹೆಚ್ಚಾಗಿ ಪಠ್ಯದಲ್ಲಿ, ಸಮ್ಮೇಳನದ ವೇದಿಕೆಯಲ್ಲಿ ಕೇಳುತ್ತವೆ. ವಾರಕ್ಕೊಂದು ಸಂಜೆ ಇಂಡಿ, ಸಿಂದಗಿ, ಮುದ್ದೇಬಿಹಾಳದ ಲಾವಣಿ, ಗೀಗಿ ಮೇಳದವರಿಗೆ ಗೌರವಧನ ಕೊಟ್ಟು ದಂಡೆಯಲ್ಲಿ ಹಾಡಿಸಬಹುದು, ಮೈಕು ಇಲ್ಲದೆ, ತುಂತುಣಿ ಡಪ್ಪಿನ ಮೇಲೆ. ಬೆಂಗಳೂರು, ಹುಬ್ಬಳ್ಳಿಯಿಂದ ಬಂದ ಮಕ್ಕಳು ಈ ಹಾಡುಗಳನ್ನು ಹಾಡುವವರ ಬಾಯಿಂದಲೇ ಕೇಳುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ರಿಯಾಯಿತಿ ಇರಬಾರದು. ಈ ಭಾಗದ ಜಾತ್ರೆಗಳಲ್ಲಿ ಗಂಡಸರು ಹೇಗೋ ನಿಭಾಯಿಸಿಬಿಡುತ್ತಾರೆ, ಕಷ್ಟ ಪಡುವವರು ಹೆಂಗಸರು. ಕತ್ತಲಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟು ರಾತ್ರಿ ಕಳೆಯುವವರಿದ್ದಾರೆ. ಬಾಗಿಲು ಭದ್ರವಾಗಿ ಹಾಕಿಕೊಳ್ಳುವ, ದೀಪವಿರುವ, ದಿನಕ್ಕೆರಡು ಸಲ ತೊಳೆಯುವ ಶೌಚಾಲಯ ಸಿದ್ಧವಾಗುವ ತನಕ ಒಂದು ಡೇರೆಯನ್ನೂ ಬಾಡಿಗೆಗೆ ಕೊಡಬಾರದು. ಕಾವಲಿನವರಲ್ಲಿ ಮಹಿಳೆಯರು ಇರಲೇಬೇಕು. ಇಷ್ಟಾದರೆ ಅಜ್ಜಿಯೂ ಬರುತ್ತಾಳೆ, ಸೊಸೆಯೂ ಬರುತ್ತಾಳೆ. ಇಲ್ಲವಾದರೆ ಇದು ಕುಡಿಯಲು ಬರುವ ಗಂಡಸರ ಅಡ್ಡೆಯಾಗಲು ಒಂದು ತಿಂಗಳೂ ಬೇಡ.

ಕಾಯ್ದಿರಿಸುವ ವ್ಯವಸ್ಥೆ ಕನ್ನಡದಲ್ಲಿ, ಮೊಬೈಲಿನಲ್ಲಿ ಸಿಗಬೇಕು. ಮೊಬೈಲ್ ಬಾರದವರಿಗೆ ಗ್ರಾಮ ಒನ್ ಕೇಂದ್ರದಲ್ಲಿ ಸಿಗಬೇಕು. ಒಂದು ಪಾಲು ಜಾಗ ಮುಳುಗಡೆ ಸಂತ್ರಸ್ತ ಕುಟುಂಬಗಳಿಗೆ, ಇನ್ನೊಂದು ಸರ್ಕಾರಿ ಶಾಲೆಗಳಿಗೆ ಮೀಸಲಿರಬೇಕು. ಹೆಸರು ಬರೆಸಿ ಬಾರದವರ ಜಾಗ ಸಂಜೆಗೆ ಬೇರೆಯವರಿಗೆ ಹೋಗಬೇಕು. ಗಣ್ಯರ ಚೀಟಿಗೆ ಇಲ್ಲಿ ಅವಕಾಶ ಕೂಡದು.

ದಾರಿಯ ತೊಂದರೆಯೂ ದೊಡ್ಡದಲ್ಲ. ಬ್ರಾಡ್‌ಗೇಜ್ ಆದ ಮೇಲೆ ಗದಗ–ಹೋಟಗಿ ಮಾರ್ಗದಲ್ಲಿ ಲಚ್ಯಾಣ, ಇಂಡಿ ರೋಡ್, ಗುರುದೇವ ರಾನಡೆಯವರ ಆಶ್ರಮವಿರುವ ನಿಂಬಾಳ, ವಿಜಯಪುರ, ಬಸವನಬಾಗೇವಾಡಿ ರೋಡ್ ದಾಟಿ ಅದೇ ಹಳಿ ಆಲಮಟ್ಟಿಗೆ ಬರುತ್ತದೆ. ಹಲಸಂಗಿಯ ಕುಟುಂಬವೊಂದು ಜಿಲ್ಲೆಯ ಉತ್ತರದ ಅಂಚಿನಿಂದ ದಕ್ಷಿಣದ ಅಂಚಿಗೆ ರೈಲಿನಲ್ಲೇ ಬಂದು ಇಳಿಯಬಹುದು. ಒಂದೇ ದಿನದಲ್ಲಿ ಹೋಗಿ ಬರುವ ಅವಸರವಿದ್ದಾಗ ರೈಲಿನ ಹೊತ್ತು ಹೊಂದುವುದಿಲ್ಲ, ರಾತ್ರಿ ತಂಗುವುದಾದರೆ ಹೊಂದುತ್ತದೆ. ನಿಲ್ದಾಣದಿಂದ ತಂಗುದಾಣಕ್ಕೆ ಸಾರಿಗೆ ಸಂಸ್ಥೆಯ ಒಂದು ಮಿನಿ ಬಸ್ ಓಡಾಡಿದರೆ ಸಾಕು.

ಇದಕ್ಕೆ ಹೊಸ ಪ್ರಾಧಿಕಾರ, ನೂರಾರು ಕೋಟಿಯ ಮಾಸ್ಟರ್ ಪ್ಲಾನ್ ಬೇಕಾಗಿಲ್ಲ. ಉದ್ಯಾನ ನೋಡಿಕೊಳ್ಳುವ ಅರಣ್ಯ ವಿಭಾಗ ನಿಗಮದಲ್ಲಿ ಈಗಾಗಲೇ ಇದೆ, ಜಮೀನೂ ನಿಗಮದ ಸ್ವಾಧೀನದಲ್ಲಿದೆ. ಬರುವ ನವೆಂಬರ್‌ಗೆ ಒಂದು ಮಡ್ಡಿ ಗುರುತಿಸಿ, 20 ಡೇರೆ, 5 ಬಿಚ್ಚುಕೋಣೆಗಳಿಂದ ಶುರು ಮಾಡಲಿ. ಕೊಲ್ಹಾರ, ನಿಡಗುಂದಿ ಕಡೆಯ ಹತ್ತಾರು ಮೀನುಗಾರ ಯುವಕರನ್ನು ಅದಕ್ಕೂ ಮೊದಲು ಒಂದು ವಾರ ಭಿಗವಣಕ್ಕೆ ಕಳಿಸಲಿ, ಅಲ್ಲಿಯವರ ಜೊತೆ ದೋಣಿಯಲ್ಲಿ ಕೂತು ಕಲಿತು ಬರಲಿ. ಫೆಬ್ರುವರಿ ಕೊನೆಗೆ ಡೇರೆ ಬಿಚ್ಚಿ, ಎಷ್ಟು ಕುಟುಂಬ ಬಂದವು, ಯಾವ ತಾಲ್ಲೂಕಿನವು, ದಂಡೆಯ ಹಳ್ಳಿಗಳಿಗೆ ಎಷ್ಟು ದುಡ್ಡು ಸೇರಿತು, ಹಕ್ಕಿಗಳು ಅದೇ ಜಾಗಕ್ಕೆ ಇಳಿದವೋ ಇಲ್ಲವೋ ಎಂಬ ಲೆಕ್ಕವನ್ನು ಜನರ ಮುಂದೆ ಇಡಲಿ. ಎರಡನೆಯ ಚಳಿಗಾಲಕ್ಕೆ ಡೇರೆ ಹೆಚ್ಚಿಸಬೇಕೆ, ಜಾಗ ಬದಲಿಸಬೇಕೆ ಎಂಬುದನ್ನು ಆ ಲೆಕ್ಕ ನೋಡಿ ತೀರ್ಮಾನಿಸಬಹುದು.